ಲಕ್ಷದ ಮಷೀನು ಇಲ್ಲದೆ ಬಲೂನಿನಲ್ಲೇ ಮಲದ ಹಿಡಿತ ತರಿಸಿದ್ದು: ನನ್ನ ಅನುಭವ

ಮಲದ ಹಿಡಿತ ತಪ್ಪಿದವರಿಗೆ ಕಾಂಡೋಮು, ರಬ್ಬರ್ ಕ್ಯಾಥೆಟರು (ತೆಳು ಕೊಳವೆ), 50 ಎಂಎಲ್ ಸಿರಿಂಜು ಇಟ್ಟುಕೊಂಡು ಬಯೋಫೀಡ್‌ಬ್ಯಾಕ್ (ದೇಹದೊಳಗಿನ ಸುಳಿವು ಗೊತ್ತಾಗುವಂತೆ ಮಾಡಿ ಹಿಡಿತ ಕಲಿಸುವ ತರಬೇತಿ) ಮಾಡುತ್ತೇನೆ ಅಂದಾಗ ನಕ್ಕವರೇ ಹೆಚ್ಚು. ಪರದೆ ಇಲ್ಲ, ಗ್ರಾಫ್ ಇಲ್ಲ, ಇದೆಂಥ ಬಯೋಫೀಡ್‌ಬ್ಯಾಕ್ ಅಂತ. ಈಗ ನಕ್ಕವರೇ ರೋಗಿಗಳನ್ನು ಕಳಿಸುತ್ತಿದ್ದಾರೆ. ಕೆಗಲ್ (ಗುದ, ಮೂತ್ರದ್ವಾರದ ಸುತ್ತಲ ಸ್ನಾಯು ಬಿಗಿಯುವ ವ್ಯಾಯಾಮ), ಬ್ರಿಸ್ಟಲ್ ಚಾರ್ಟು (ಮಲ ಎಷ್ಟು ಗಟ್ಟಿ ಎಂದು 1ರಿಂದ 7ರವರೆಗೆ ಹೇಳುವ ಪಟ್ಟಿ, 7 ಅಂದರೆ ನೀರು), ವೆಕ್ಸ್‌ನರ್ ಅಂಕ (ಹಿಡಿತ ಎಷ್ಟು ತಪ್ಪಿದೆ ಎಂಬುದಕ್ಕೆ 0ರಿಂದ 20, ಹೆಚ್ಚಿದ್ದಷ್ಟೂ ಕೆಟ್ಟದ್ದು) ಇವೆಲ್ಲ ಇದನ್ನು ಓದುವ ಫಿಸಿಯೋಗಳಿಗೂ ನರ್ಸ್‌ಗಳಿಗೂ ಗೊತ್ತಿರುವುದೇ, ಅದನ್ನು ಬಿಟ್ಟು ನೇರ ಕೈಕೆಲಸಕ್ಕೆ ಬರುತ್ತೇನೆ.

ಮೊದಮೊದಲು ಸೋತದ್ದು ಸ್ನಾಯುವಿನ ಬಲದ ಬೆನ್ನು ಹತ್ತಿದ್ದರಿಂದ. ಬೆರಳಿಟ್ಟು ನೋಡಿದರೆ ಆಕ್ಸ್‌ಫರ್ಡ್ ಗ್ರೇಡ್ (ಸ್ನಾಯುವಿನ ಬಲಕ್ಕೆ 0ರಿಂದ 5ರ ಅಳತೆ) 2 ಇದ್ದದ್ದು ಮೂರು ತಿಂಗಳಲ್ಲಿ 4 ಆಗಿರುತ್ತಿತ್ತು, ಆದರೂ ಬಟ್ಟೆ ಹಾಳಾಗುವುದು ನಿಲ್ಲುತ್ತಿರಲಿಲ್ಲ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ, ವರ್ಷಗಟ್ಟಲೆ ಮಲಬದ್ಧತೆ ಇದ್ದವರಲ್ಲಿ ಎಷ್ಟೋ ಸಲ ತೊಂದರೆ ಬಲದ್ದಲ್ಲ, ಗೊತ್ತಾಗುವುದರದ್ದು. ಮಲ ಕೆಳಗಿಳಿದ ಕೂಡಲೇ ಒಳಗಿನ ಸ್ಫಿಂಕ್ಟರ್ (ಗುದವನ್ನು ಮುಚ್ಚಿಡುವ ಉಂಗುರ ಸ್ನಾಯು) ತಾನಾಗಿ ಸಡಿಲವಾಗುತ್ತದೆ. ಆಗ ಹೊರಗಿನದು ಬಿಗಿಯಬೇಕು. ಒಳಗೆ 20 ಎಂಎಲ್‌ನಷ್ಟು ತುಂಬಿದರೇ ಗೊತ್ತಾಗುವವರು ಬಿಗಿದುಕೊಳ್ಳುತ್ತಾರೆ. 80-90 ಎಂಎಲ್ ತುಂಬಿದ ಮೇಲೆ ಗೊತ್ತಾಗುವವರಿಗೆ ಅಷ್ಟರಲ್ಲಿ ಆಗಿಹೋಗಿರುತ್ತದೆ. ಬಲೂನು ಬೇಕಾಗುವುದು ಈ ಅಂತರ ಕಡಿಮೆ ಮಾಡಲು.

ಅದಕ್ಕೂ ಮೊದಲು ಎರಡು ಕೆಲಸ. ಒಂದು, ಬೆರಳು ಹಾಕಿ ಒಳಗೆ ಗಟ್ಟಿ ಮಲ ಕೂತಿದೆಯೇ ನೋಡಿ. ‘ನೀರು ನೀರಾಗಿ ಸೋರುತ್ತೆ’ ಎಂದು ಬರುವ ವಯಸ್ಸಾದವರಲ್ಲಿ ಕೆಲವರದು ಭೇದಿಯೇ ಅಲ್ಲ, ಗಟ್ಟಿ ಉಂಡೆಯ ಪಕ್ಕದಿಂದ ಇಳಿಯುವ ನೀರು. ಅಂಥವರಿಗೆ ಲೋಪೆರಮೈಡ್ (ಭೇದಿ ನಿಲ್ಲಿಸುವ ಔಷಧ) ಕೊಟ್ಟರೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ, ಸೋರುವುದೂ ಹೆಚ್ಚುತ್ತದೆ. ಮೊದಲು ಹೊಟ್ಟೆ ಖಾಲಿ ಮಾಡಿಸಬೇಕು. ಎರಡು, ನಿಜವಾಗಿ ಸಡಿಲ ಇದ್ದರೆ ಬ್ರಿಸ್ಟಲ್ 4ಕ್ಕೆ ತರಬೇಕು. ಟೈಪ್ 6 ಇಟ್ಟುಕೊಂಡು ಬಲೂನು ಊದುವುದು ತೂತು ಬಿಂದಿಗೆಗೆ ನೀರು ಹೊತ್ತ ಹಾಗೆ.

ಇಸಬ್‌ಗೋಲ್ ಸಿಪ್ಪೆ ಎರಡು ಟೀ ಚಮಚ, ಸುಮಾರು 5 ಗ್ರಾಂ, ಒಂದು ಲೋಟ ಮಜ್ಜಿಗೆಯಲ್ಲಿ ಕಲಸಿ ಕೂಡಲೇ ಕುಡಿಯಬೇಕು. ನುಂಗಲು ಕಷ್ಟ ಇರುವವರಿಗೆ ಬೇಡ. ಅದು ಮಲಬದ್ಧತೆಗೆ ತಾನೇ ಅನ್ನುವವರಿಗೆ ಉತ್ತರ ಇಷ್ಟೆ: ನೀರನ್ನು ಹಿಡಿದಿಡುವುದು ಅದರ ಗುಣ, ಗಟ್ಟಿಯನ್ನೂ ತೆಳುವನ್ನೂ ನಡುವಿಗೆ ತರುತ್ತದೆ. ಮೊದಲ ವಾರ ಹೊಟ್ಟೆಯುಬ್ಬರ ಬರುತ್ತದೆ, ಮೊದಲೇ ಹೇಳದಿದ್ದರೆ ಬಿಟ್ಟುಬಿಡುತ್ತಾರೆ. ಸಾಲದಿದ್ದರೆ ವೈದ್ಯರ ಚೀಟಿ ಮೇಲೆ ಲೋಪೆರಮೈಡ್, 2 ಮಿಲಿಗ್ರಾಂ ಮಾತ್ರೆಯ ಅರ್ಧ, ತಿಂಡಿಗೆ ಅರ್ಧ ಗಂಟೆ ಮುಂಚೆ. ಕ್ಯಾಪ್ಸೂಲ್ ತಂದರೆ ಅರ್ಧ ಮಾಡಲಾಗುವುದಿಲ್ಲ, ಮಾತ್ರೆಯೇ ಕೇಳಿ. ಮಲ ಸಡಿಲ ಮಾಡಬಲ್ಲ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆ ಮಾತ್ರೆ ಸೇವಿಸುವವರಾದರೆ ಮೊದಲು ಅದನ್ನು ನಿಧಾನವಾಗಿ ಬಿಡುಗಡೆಯಾಗುವ ಬಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿಸಿ. ಎಷ್ಟೋ ಸಲ ಅಷ್ಟಕ್ಕೇ ಅರ್ಧ ಸಮಸ್ಯೆ ಮುಗಿದಿರುತ್ತದೆ.

ಇನ್ನು ಬಲೂನು. ಕ್ಯಾಥೆಟರಿನ ತುದಿಗೆ ಕಾಂಡೋಮಿನ ಐದಾರು ಸೆಂಟಿಮೀಟರ್ ಉಳಿಯುವಂತೆ ರೇಷ್ಮೆ ದಾರದಲ್ಲಿ ಎರಡು ಕಡೆ ಕಟ್ಟು, ಇನ್ನೊಂದು ತುದಿಗೆ ತ್ರೀವೇ (ತೆರೆದು ಮುಚ್ಚುವ ಮೂರು ದಾರಿಯ ಪುಟ್ಟ ನಲ್ಲಿ), ಅದಕ್ಕೆ ಸಿರಿಂಜು. ಹೆರಿಗೆ ನಂತರದ ರಕ್ತಸ್ರಾವ ನಿಲ್ಲಿಸಲು ಬಾಂಗ್ಲಾದೇಶದಿಂದ ಬಂದ ಕಾಂಡೋಮ್ ಟ್ಯಾಂಪನೇಡ್ (ಗರ್ಭಕೋಶದೊಳಗೆ ಕಾಂಡೋಮು ಉಬ್ಬಿಸಿ ಒತ್ತುವುದು) ಗೊತ್ತಿದ್ದವರಿಗೆ ಹೊಸದೇನಲ್ಲ. ಎಲ್ಲ ಸೇರಿ ಇನ್ನೂರು ರೂಪಾಯಿ ಒಳಗೆ. ಸ್ನಾಯುವಿನ ವಿದ್ಯುತ್ ಸಂಕೇತ ತೋರಿಸುವ ಇಎಂಜಿ ಮಷೀನಿಗೆ ಲಕ್ಷದ ಮಾತು, ಜೊತೆಗೆ ಒಳಗೆ ಹಾಕುವ ಪ್ರೋಬ್ ಪ್ರತಿ ರೋಗಿಗೂ ಬೇರೆ. ಗ್ಲೌಸ್ ಬೆರಳನ್ನೂ ಕಟ್ಟಿ ನೋಡಿದ್ದಾಯಿತು: ರಬ್ಬರು ಬಿರುಸು, ಊದಿದ್ದು ಒಳಗೆ ಒತ್ತುವ ಬದಲು ತನ್ನಲ್ಲೇ ಬಿಗಿಯುತ್ತದೆ, ಅಂಕಿ ಸುಳ್ಳಾಗುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಸವರಿದರೆ ಲೇಟೆಕ್ಸ್ ದುರ್ಬಲವಾಗಿ ಒಡೆಯುತ್ತದೆ, ನೀರು ಬೆರೆಯುವ ಜೆಲ್ಲಿ ಮಾತ್ರ. ಹಾಕುವ ಮುಂಚೆ ಬೇಸಿನ್ನಿನ ನೀರಿನಲ್ಲಿ ಮುಳುಗಿಸಿ 200 ಎಂಎಲ್ ಊದಿ ಗುಳ್ಳೆ ಬರುತ್ತದೆಯೇ ನೋಡಿ. ಒಂದು ಸಿಟ್ಟಿಂಗಿಗೆ ಒಂದು, ಮತ್ತೆ ಬಳಸಬೇಡಿ. ಲೇಟೆಕ್ಸ್ ಅಲರ್ಜಿ, ಇತ್ತೀಚಿನ ಆಪರೇಷನ್, ರೇಡಿಯೇಷನ್, ರಕ್ತ ಬೀಳುವುದು ಇದ್ದರೆ ಮುಟ್ಟಬೇಡಿ.

ಎಡ ಮಗ್ಗುಲು, ಮೊಣಕಾಲು ಮಡಿಸಿ ಮಲಗಿಸಿ. ಬಲೂನಿನ ಕೆಳ ಅಂಚು ಗುದದಿಂದ ಐದು ಸೆಂಟಿಮೀಟರ್ ಆಳದಲ್ಲಿರಲಿ, ಕೆಳಗಾದರೆ ಗುದನಾಳವೇ ಹಿಗ್ಗಿ ಗೊಂದಲ. 10 ಎಂಎಲ್‌ನಂತೆ ಗಾಳಿ ತುಂಬುತ್ತಾ ಮೊದಲು ಗೊತ್ತಾದದ್ದು ಎಲ್ಲಿ ಎಂದು ಬರೆದುಕೊಳ್ಳಿ. 80 ಅಂದರೆ 80ರಿಂದಲೇ ಶುರು: ಊದು, ‘ಬಂತು’ ಅನ್ನಲಿ, ಆ ಕ್ಷಣವೇ ಬಿಗಿಯಲಿ, ಗಾಳಿ ತೆಗೆ. ಹತ್ತರಲ್ಲಿ ಎಂಟು ಸಲ ಸರಿ ಬಂದರೆ 70. ಒಮ್ಮೊಮ್ಮೆ ಸಿರಿಂಜು ಒತ್ತಿದಂತೆ ನಟಿಸಿ, ಊಹೆ ಹೊಡೆಯುವವರು ಸಿಕ್ಕಿಬೀಳುತ್ತಾರೆ. ಒಂದು ಸಿಟ್ಟಿಂಗಿಗೆ ಮೂವತ್ತು ಸಲ, ವಾರಕ್ಕೊಮ್ಮೆ, ಆರು ವಾರ. ಉಲ್ಟಾ ಬಗೆಯವರೂ ಇದ್ದಾರೆ, 30 ಎಂಎಲ್‌ಗೇ ಓಡಬೇಕೆನಿಸುವವರು. ಅವರಿಗೆ ಮೇಲಕ್ಕೆ ಹತ್ತಿಸಬೇಕು, ನೋವು ಅಂದಲ್ಲಿ ನಿಲ್ಲಿಸಿ.

‘ಪೆಲ್ವಿಕ್ ಫ್ಲೋರ್ (ಕಿಬ್ಬೊಟ್ಟೆಯ ತಳದ ಸ್ನಾಯುಗಳು) ಬಿಗಿ ಮಾಡಿ’ ಅಂದರೆ ಪೃಷ್ಠ ಬಿಗಿದು ಉಸಿರು ಕಟ್ಟುತ್ತಾರೆ, ಕೆಲವರು ತಿಣುಕುತ್ತಾರೆ. ‘ಮದುವೆ ಮನೆ ಪಂಕ್ತೀಲಿ ಕೂತಿದ್ದೀರಿ, ಹೂಸು ಬರ್ತಿದೆ, ಪಕ್ಕದವರಿಗೆ ಗೊತ್ತಾಗಬಾರದು, ಮುಖದಲ್ಲಿ ನಗು ಇರಲಿ’ ಅಂದರೆ ಸರಿಯಾದ ಸ್ನಾಯುವೇ ಏಳುತ್ತದೆ, ಉಸಿರೂ ಆಡುತ್ತದೆ. ಇನ್ನೊಂದು ಮಾತಿದೆ, ಗಂಡಸರಿಗೆ ಇದಕ್ಕಿಂತ ಚೆನ್ನಾಗಿ ಹತ್ತುತ್ತದೆ. ಅದು ನನ್ನ ಹತ್ತಿರವೇ ಇರಲಿ.

ಮನೆಯಲ್ಲಿ ಹತ್ತು ಸಲ ಐದೈದು ಸೆಕೆಂಡು ಹಿಡಿಯುವುದು, ಹತ್ತು ಸಲ ಚಕಚಕ, ದಿನಕ್ಕೆ ಮೂರು ಹೊತ್ತು. ಬೆಳಗಿನ ತಿಂಡಿಯಾದ ಇಪ್ಪತ್ತು ನಿಮಿಷಕ್ಕೆ ಕಕ್ಕಸಿಗೆ ಕೂರಿಸಿ, ಕಮೋಡಾದರೆ ಕಾಲ ಕೆಳಗೆ ಮುಕ್ಕಾಲಡಿ ಸ್ಟೂಲು. ಫಿಲ್ಟರ್ ಕಾಫಿಯನ್ನು ಬಿಡಿಸಲು ಹೋಗಿ ಬೈಸಿಕೊಂಡದ್ದೇ ಬಂತು, ಈಗ ಅದೇ ಕಾಫಿಯನ್ನು ಆ ಹೊತ್ತಿಗೇ ಕುಡಿಸಿ ಹೊಟ್ಟೆ ಖಾಲಿ ಮಾಡಿಸುತ್ತೇನೆ.

ಅಂದಾಜಿಗೆ ವೆಕ್ಸ್‌ನರ್ 14-15ರಲ್ಲಿ ಬಂದವರು ಹನ್ನೆರಡು ವಾರಕ್ಕೆ 5-6ಕ್ಕೆ ಇಳಿದರೆ ಆಯಿತು ಅಂತ ಲೆಕ್ಕ. ಇಳಿಯದವರೂ ಇದ್ದಾರೆ: ಹೆರಿಗೆಯಲ್ಲಿ ಸ್ಫಿಂಕ್ಟರ್ ಪೂರ್ತಿ ಹರಿದವರು, ಫಿಸ್ತುಲಾ (ಗುದದ ಪಕ್ಕದಲ್ಲಿ ಆಗುವ ಕೀವಿನ ಸುರಂಗ) ಆಪರೇಷನ್ನಿನಲ್ಲಿ ಅದು ಕತ್ತರಿಸಿಹೋದವರು. ನಾಲ್ಕನೇ ಸಿಟ್ಟಿಂಗಿಗೂ ಅಂಕಿ ಕದಲದಿದ್ದರೆ ಅವರ ದುಡ್ಡು ತಿನ್ನದೆ ಒಳಗಿನ ಅಲ್ಟ್ರಾಸೌಂಡಿಗೆ ಕಳಿಸುತ್ತೇನೆ. ಬೆನ್ನು ನೋವಿನ ಜೊತೆ ದಿಢೀರನೆ ಹಿಡಿತ ತಪ್ಪಿ ಕೂರುವ ಜಾಗ ಮರಗಟ್ಟಿದೆ ಎಂದವರನ್ನು ಮೇಜಿನ ಮೇಲೆ ಮಲಗಿಸಲೂ ಇಲ್ಲ, ಅದೇ ಗಂಟೆಯಲ್ಲಿ ತುರ್ತು ಆಸ್ಪತ್ರೆಗೆ.