ಹದಿನೆಂಟು ಕಂಠಗಳಿಗೆ ಹಾಡು ಹುಡುಕಿದ್ದು

ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಭಾನುವಾರ ಸಂಜೆ ಸೇರುವ ನಮ್ಮ ಗಾನವೃಂದದಲ್ಲಿ 11 ಹೆಂಗಸರು, 7 ಗಂಡಸರು. ಮನೆಮಾತು ಕನ್ನಡ, ತುಳು, ಮಲಯಾಳ, ಕೊಂಕಣಿ. ಮೊದಲ ವರ್ಷ ಜನಪ್ರಿಯ ಭಾವಗೀತೆಯೊಂದನ್ನು ಮೂಲ ಗಾಯಕಿಯ ಶ್ರುತಿಯಲ್ಲೇ, ಬಿಳಿ ಐದರಲ್ಲಿ (ಹಾರ್ಮೋನಿಯಂನ ಐದನೆಯ ಬಿಳಿ ಮನೆಯೇ ‘ಸ’), ಎತ್ತಿಕೊಂಡೆ. ಕೆಳಸ್ಥಾಯಿಯಲ್ಲಿ ಹಿಡಿದರೆ ಗಂಡಸರ ದನಿ ಗಂಟಲಲ್ಲೇ ಹೂತುಹೋಗುತ್ತಿತ್ತು, ಮೇಲಕ್ಕೆ ಹಿಡಿದರೆ ಚರಣದಲ್ಲಿ ಒಡೆಯುತ್ತಿತ್ತು. ವೇದಿಕೆಯಲ್ಲಿ ಅವರು ಬಾಯಿ ಆಡಿಸಿದರಷ್ಟೆ. ಅದು ನನ್ನ ತಪ್ಪು.

ಅಂದಿನಿಂದ ಹಾರ್ಮೋನಿಯಂ ಮುಂದೆ ಕುಳಿತು ಹಾಡಿನ ಅತಿ ಕೆಳಗಿನ, ಅತಿ ಮೇಲಿನ ಸ್ವರಗಳನ್ನು ಮೊದಲು ಗುರುತು ಹಾಕಿಕೊಳ್ಳುತ್ತೇನೆ. ಒಂದೇ ಸ್ಥಾಯಿಯೊಳಗೆ ಮುಗಿಯುವ ಹಾಡಾದರೆ ಬಿಳಿ ಒಂದರಲ್ಲಿ ಗಂಡಸರು ಕೆಳಗೆ, ಹೆಂಗಸರು ಮೇಲೆ ನಿರಾಳವಾಗಿ ಹಾಡುತ್ತಾರೆ. ಏರುವ ಚರಣವಿದ್ದರೆ ಅದು ಹೆಂಗಸರ ಪಾಲು. ಗಂಡಸರು ಆಧಾರ ಸ್ವರವಾದ ಷಡ್ಜ ಹಿಡಿದು ನಿಲ್ಲುತ್ತಾರೆ. ಕುರಂಜಿ ರಾಗದ ಜೋಗುಳಕ್ಕೆ ಮಧ್ಯಮ ಶ್ರುತಿಯೇ, ಅಂದರೆ ‘ಮ’ವನ್ನೇ ‘ಸ’ ಎಂದು ಹಿಡಿಯುವುದೇ, ಸರಿ.

ನನಗೆ ಹೆಚ್ಚು ಕಲಿಸಿದ್ದು ನೇಜಿ (ಭತ್ತದ ಸಸಿ) ನೆಡುವಾಗಿನ ತುಳು ‘ಓ ಬೇಲೆ’ ಹಾಡು. ಒಬ್ಬಳು ಹೇಳಿ ಉಳಿದವರು ಎತ್ತಿಕೊಳ್ಳುವ ಹಾಡು, ಹರವು ಐದಾರು ಸ್ವರ. ಚೆಂದ ಕಾಣಲೆಂದು ಪಂಚಮದಲ್ಲಿ ಎರಡನೆಯ ದನಿ ಸೇರಿಸಿದ್ದೆ. ಅಭ್ಯಾಸ ಕೇಳಲು ಬಂದ ನಮ್ಮ ಗಾಯಕಿಯೊಬ್ಬರ ಅಜ್ಜಿ ಸುಮ್ಮನೆ ಎದ್ದು, ಸೊಂಟ ಬಾಗಿಸಿ, ನೆಲಕ್ಕೆ ಬೆರಳು ಒತ್ತುತ್ತಾ ಹಾಡಿ ತೋರಿಸಿದರು. ನೇಜಿ ಕೆಸರಿಗೆ ಇಳಿಯುವ ಕ್ಷಣದಲ್ಲೇ ಅವರ ಉಸಿರು ಮುರಿಯುತ್ತಿತ್ತು. ನಾನು ನಿಲ್ಲಿಸಿದ್ದ ಕಡೆ ಅವರು ಒಮ್ಮೆಯೂ ನಿಲ್ಲಲಿಲ್ಲ. ಎರಡನೆಯ ದನಿಯನ್ನು ಅಂದೇ ಕೈಬಿಟ್ಟೆ. ಈಗ ಆ ಹಾಡಿಗೆ ತಬಲವೂ ಇಲ್ಲ, ಪಾದದ ತಟ್ಟು ಮಾತ್ರ.

ಮಲಯಾಳ ಮುಸ್ಲಿಮರ ಮಾಪಿಳ್ಳೆ ಹಾಡಿಗೆ ದೂರ ಹೋಗಬೇಕಿಲ್ಲ, ಅದಕ್ಕೆ ಹೆಸರಾದ ಮೊಗ್ರಾಲ್ ಪಕ್ಕದಲ್ಲೇ ಇದೆ. ಸಾಹಿತ್ಯವನ್ನು ಎಲ್ಲರಿಗೂ ಕನ್ನಡ ಲಿಪಿಯಲ್ಲಿ ಬರೆದುಕೊಡುತ್ತೇನೆ. ಮಲಯಾಳದ ‘ഴ’ ಅಕ್ಷರಕ್ಕೆ ‘ಳ’ ಬರೆದಾಗ ಉಚ್ಚಾರ ಕೆಟ್ಟಿತು. ಹಳಗನ್ನಡದ ‘ೞ’ ಬರೆದು, ಅದರ ಸುತ್ತ ಕೆಂಪು ವೃತ್ತ ಎಳೆದೆ. ನಾವು ಕಳೆದುಕೊಂಡ ಅಕ್ಷರ ನೆರೆಯವರ ಹಾಡಿಗಾಗಿ ಹಾಳೆಗೆ ಮರಳಿದ್ದು ನನಗೆ ಬಹಳ ಹಿಡಿಸಿತು.

ನವೆಂಬರ್ 1ರ ಕಾರ್ಯಕ್ರಮಕ್ಕೆ ಆರು ಹಾಡು ಸಿದ್ಧವಾಗಿವೆ. ಎರಡು ನಿಧಾನದ ಹಾಡು ಒಟ್ಟಿಗೆ ಬರದಂತೆ ಜೋಡಿಸಿದ್ದೇನೆ. ಏಳನೆಯದಕ್ಕೆ ಕೊಂಕಣಿ ಮನೆಮಾತಿನ ಗಾಯಕರೊಬ್ಬರು ತಾಯಿಯಿಂದ ಕಲಿತ ಮದುವೆ ಹಾಡು ತಂದಿದ್ದಾರೆ. ಹರವು ಇನ್ನೂ ಅಳೆದಿಲ್ಲ, ಬರುವ ಭಾನುವಾರ ಹಾರ್ಮೋನಿಯಂ ತೆರೆಯಬೇಕು.