ಪಿಕಪ್‌ಗೆ ಹೊಸ ಟೈರಾ? ಮೊದಲು ವೇ ಬ್ರಿಜ್‌ಗೆ ಹೋಗಿ ಬನ್ನಿ

ಟೊಮೆಟೊ ಸೀಸನ್‌ನಲ್ಲಿ ಕೋಲಾರ–ಮುಳಬಾಗಿಲು ರಸ್ತೆಯಲ್ಲಿ ಓಡಾಡುವವರು ನೋಡಿಯೇ ಇರುತ್ತೀರಿ. ಹಿಂದಿನ ಟೈರ್ ಒಡೆದು, ಲೋಡ್ ಸಮೇತ ಒಂದು ಕಡೆ ವಾಲಿ ನಿಂತ ಪಿಕಪ್, ಪಕ್ಕದಲ್ಲಿ ಕ್ರೇಟ್ ಇಳಿಸುತ್ತಿರುವ ಡ್ರೈವರ್. ಟೈರ್ ತೀರಾ ಹಳೆಯದಾಗಿತ್ತಾ ಎಂದರೆ ಎಷ್ಟೋ ಸಲ ಇಲ್ಲ. ಗ್ರಿಪ್ ಚೆನ್ನಾಗಿಯೇ ಇರುತ್ತದೆ, ಕಂಪನಿಯೂ ಒಳ್ಳೆಯದೇ. ಎಡವಟ್ಟಾಗಿರುವುದು ಅಂಗಡಿಯಲ್ಲಿ, ಟೈರ್ ಆರಿಸುವಾಗ.

"ಹಳೇದು ಯಾವುದಿತ್ತೋ ಅದೇ ಕೊಡಿ", ಇಲ್ಲವೇ "ಯಾವುದು ಕಮ್ಮಿಗೆ ಬರುತ್ತೆ?" ಇಷ್ಟರಲ್ಲೇ ವ್ಯಾಪಾರ ಮುಗಿದುಹೋಗುತ್ತದೆ. ಗಾಡಿಗೆ ಎಷ್ಟು ಲೋಡ್ ಹಾಕುತ್ತೀರಿ ಎಂದು ಅಂಗಡಿಯವರು ಕೇಳುವುದಿಲ್ಲ, ಮಾಲೀಕರು ಹೇಳುವುದೂ ಇಲ್ಲ. ಆದರೆ ಟೈರ್ ಆರಿಸಬೇಕಾದದ್ದೇ ಆ ಲೆಕ್ಕದ ಮೇಲೆ. ಅದರಲ್ಲೂ ಹಿಂದಿನ ಆಕ್ಸಲ್, ಅಂದರೆ ಹಿಂದಿನ ಎರಡು ಚಕ್ರ ಕೂಡಿಸುವ ಅಚ್ಚಿನ ಮೇಲೆ ಎಷ್ಟು ತೂಕ ಬೀಳುತ್ತದೆ ಎಂಬುದರ ಮೇಲೆ. ಬೊಲೆರೊ ಪಿಕಪ್, ಟಾಟಾ ಯೋಧ, ದೋಸ್ತ್‌ನಂಥ ಗಾಡಿಗಳಿಗೆ ಹಿಂದೆ ಇರುವುದು ಎರಡೇ ಟೈರ್. ಲಾರಿಯ ಹಾಗೆ ಜೋಡಿ ಟೈರ್ ಇಲ್ಲ. ಒಂದು ಹೋದರೆ ಭಾರ ಹೊರಲು ಪಕ್ಕದಲ್ಲಿ ಇನ್ನೊಂದು ಇರುವುದಿಲ್ಲ.

ಒಂದು: ತೂಕ ಹಾಕಿಸಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಅದಕ್ಕೇ ವಿವರವಾಗಿ ಹೇಳುತ್ತೇನೆ.

ಟೊಮೆಟೊ ಕ್ರೇಟ್ ಎಂದರೆ 15 ಕೆಜಿ ಹಣ್ಣು. ನೂರು ಕ್ರೇಟ್‌ಗೆ 1,500 ಕೆಜಿ, ನಮ್ಮ ಗಾಡಿ 1.7 ಟನ್ನಿನದು, ಇನ್ನೂ ಜಾಗ ಇದೆ ಎಂದು ಬಾಯಿಲೆಕ್ಕ ಹಾಕುತ್ತಾರೆ. ಖಾಲಿ ಕ್ರೇಟಿನ ತೂಕ, ಟಾರ್ಪಾಲು, ಹಗ್ಗ, ಆಮೇಲೆ ಕಟ್ಟಿಸಿದ ಕಬ್ಬಿಣದ ಗ್ರಿಲ್, ಕ್ಯಾಬಿನ್‌ನಲ್ಲಿ ಒತ್ತಿಕೊಂಡು ಕೂತ ಹಮಾಲಿಗಳು, ಇದ್ಯಾವುದೂ ಲೆಕ್ಕಕ್ಕೆ ಬಂದಿರುವುದಿಲ್ಲ. ಇನ್ನೊಂದು ವಿಷಯವೂ ಇದೆ. ಬಾಡಿಯ ಒಂದು ಭಾಗ ಹಿಂದಿನ ಆಕ್ಸಲ್ ದಾಟಿ ಆಚೆ ಚಾಚಿಕೊಂಡಿರುತ್ತದೆ. ಅಲ್ಲಿಟ್ಟ ಭಾರ ಏತದ ಹಾಗೆ ಕೆಲಸ ಮಾಡುತ್ತದೆ: ಹಿಂದೆ ಒತ್ತಿ, ಮುಂದೆ ಎತ್ತುತ್ತದೆ. ಹಾಗಾಗಿ ಆ ತುದಿಯಲ್ಲಿ 100 ಕೆಜಿ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 100 ಕೆಜಿಗಿಂತ ಜಾಸ್ತಿ. ಡಾಲಾ (ಬಾಡಿಯ ಹಿಂದಿನ ಬಾಗಿಲು) ತೆಗೆದು ಹಿಂದಕ್ಕೆ ಚಾಚಿ ಲೋಡ್ ಕಟ್ಟುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಸ್ಟೇರಿಂಗ್ ಹಗುರಾಗುವುದೂ ಇದೇ ಕಾರಣಕ್ಕೆ.

ಹಾಗಾಗಿ ನೀವು ಜಾಸ್ತಿ ಲೋಡ್ ಹಾಕುವ ದಿನ ಹೇಗಿರುತ್ತದೋ ಹಾಗೇ ತುಂಬಿ. ಡೀಸೆಲ್ ಇರಲಿ, ಜನರೂ ಇರಲಿ. ಎಪಿಎಂಸಿ ಯಾರ್ಡಿನದೋ, ಕ್ರಷರ್ ಹತ್ತಿರದ್ದೋ, ಗಾಡಿ ಸಮೇತ ತೂಗುವ ಯಾವ ವೇ ಬ್ರಿಜ್ ಆದರೂ ಆಗುತ್ತದೆ. ಒಂದೇ ಷರತ್ತು: ತಟ್ಟೆಯ ಮಟ್ಟಕ್ಕೇ ಮುಂದಿನ, ಹಿಂದಿನ ನೆಲವೂ ಸಮನಾಗಿರಬೇಕು. ಏರಿ ಇಳಿಯುವ ಇಳಿಜಾರು ಇದ್ದರೆ ಆಕ್ಸಲ್ ತೂಕ ಸರಿಯಾಗಿ ಬರುವುದಿಲ್ಲ.

ಮೊದಲು ಪೂರ್ತಿ ಗಾಡಿಯ ತೂಕ ತೆಗೆದುಕೊಳ್ಳಿ. ಆಮೇಲೆ ಮುಂದಿನ ಚಕ್ರಗಳು ತಟ್ಟೆಯಿಂದ ಆಚೆ ಇಳಿಯುವಷ್ಟು ಗಾಡಿಯನ್ನು ಮುಂದಕ್ಕೆ ತನ್ನಿ. ಹಿಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲಿರಲಿ. ನ್ಯೂಟ್ರಲ್‌ಗೆ ಹಾಕಿ, ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಡಿ. ಬ್ರೇಕ್ ಹಿಡಿದಿದ್ದರೆ ಗಾಡಿ ಬಿಗಿದುಕೊಂಡು ತೂಕ ಆಚೀಚೆ ತೋರಿಸುತ್ತದೆ. ಈ ಎರಡನೇ ತೂಕಕ್ಕೂ ಚೀಟಿ ಕೇಳಿ. "ಟೋಟಲ್ ಇದೆಯಲ್ಲ, ಇದು ಯಾಕೆ?" ಎನ್ನುತ್ತಾರೆ. ಪರವಾಗಿಲ್ಲ, ಕೇಳಿ ಪಡೆಯಿರಿ. ನಿಮಗೆ ಬೇಕಿರುವುದು ಆ ಚೀಟಿಯೇ.

ಪೂರ್ತಿ ತೂಕ ಆರ್‌ಸಿಯಲ್ಲಿ ಬರೆದ ಲೋಡ್ ಸಮೇತದ ತೂಕಕ್ಕಿಂತ ಜಾಸ್ತಿ ಬಂತಾ? ಹಾಗಾದರೆ ಟೈರ್ ಹುಡುಕುವುದು ನಿಲ್ಲಿಸಿ, ಲೋಡ್ ಇಳಿಸಿ. ದಪ್ಪ ಟೈರ್ ಹಾಕಿ, ಸ್ಪ್ರಿಂಗ್ ಪ್ಲೇಟ್ ಒಂದೆರಡು ಸೇರಿಸಿದರೆ ಗಾಡಿಯ ಕೆಪಾಸಿಟಿ ಏರುತ್ತದೆ ಎಂದು ಗ್ಯಾರೇಜುಗಳಲ್ಲಿ ಧಾರಾಳವಾಗಿ ಹೇಳುತ್ತಾರೆ. ಏರುವುದಿಲ್ಲ. ಬ್ರೇಕ್ ಅದೇ, ಹಬ್ ಬೇರಿಂಗ್ ಅದೇ, ಆಕ್ಸಲ್ ಅದೇ. ಶಿರಾಡಿ, ಚಾರ್ಮಾಡಿ ಇಳಿಯುವಾಗ ಗಾಡಿ ನಿಲ್ಲಿಸಬೇಕಾದದ್ದು ಅವೇ ತಾನೆ? ದಂಡವೂ ಸಣ್ಣದಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ ತಲಾ 2,000 ರೂಪಾಯಿ ಇದೆ.

ಎರಡು: ಅಳತೆಯ ಪಕ್ಕದ ನಂಬರ್ ಓದಿ

ಹಿಂದಿನ ಆಕ್ಸಲ್ 2,100 ಕೆಜಿ ಬಂತು ಎನ್ನಿ. ಒಂದೊಂದು ಟೈರ್ ಮೇಲೆ 1,050. ಆದರೆ ಲೋಡ್ ಯಾವತ್ತೂ ಎಡ ಬಲ ಸಮ ಇರುವುದಿಲ್ಲ. ತಿರುವಿನಲ್ಲಿ ಹೊರಗಿನ ಟೈರ್‌ಗೆ ಭಾರ ಇನ್ನೂ ಏರುತ್ತದೆ. ಅದಕ್ಕೆ ಕನಿಷ್ಠ 10 ಪರ್ಸೆಂಟ್ ಸೇರಿಸಿ. 1,155 ಆಯಿತು. ಇಷ್ಟು ಹೊರುವ ಟೈರ್ ಬೇಕು.

ಅದನ್ನು ಟೈರ್ ಮೇಲೆ ಹುಡುಕುವುದು ಎಲ್ಲಿ? ಅಳತೆ ಮುಗಿದ ಕೂಡಲೇ ಎರಡು ನಂಬರ್, ಒಂದು ಅಕ್ಷರ ಇರುತ್ತದೆ. 114/112 ಎಲ್, ಹೀಗೆ. ಮೊದಲನೆಯದು ಆಕ್ಸಲ್‌ನ ಒಂದು ಬದಿಗೆ ಒಂದೇ ಟೈರ್ ಇದ್ದಾಗಿನ ಲೋಡ್ ಇಂಡೆಕ್ಸ್, ಎರಡನೆಯದು ಜೋಡಿ ಟೈರ್ ಇದ್ದಾಗಿನದು. ನಿಮಗೆ ಬೇಕಿರುವುದು ಮೊದಲನೆಯದು. ಅದು ನೇರ ಕೆಜಿ ಅಲ್ಲ. 100 ಎಂದರೆ 800 ಕೆಜಿ, 106 ಎಂದರೆ 950, 110 ಎಂದರೆ 1,060, 112 ಎಂದರೆ 1,120, 114 ಎಂದರೆ 1,180, 116 ಎಂದರೆ 1,250. ನಮ್ಮ 1,155ಕ್ಕೆ 114 ಬೇಕಾಯಿತು. 110 ಹಾಕಿಸಿದವರ ಗಾಡಿಯೂ ಓಡುತ್ತದೆ, ಆದರೆ ಪ್ರತಿ ತಿರುವಿನಲ್ಲೂ ಟೈರ್ ತನ್ನ ಮಿತಿ ಮುಟ್ಟುತ್ತಿರುತ್ತದೆ. ಕೊನೆಯ ಅಕ್ಷರ ಸ್ಪೀಡಿನದು. ಎಲ್ ಎಂದರೆ ಗಂಟೆಗೆ 120 ಕಿಲೋಮೀಟರ್. ಲೋಡ್ ಗಾಡಿಗೆ ಧಾರಾಳ ಸಾಕು, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಜನ ಮೋಸ ಹೋಗುವ ಜಾಗ ಈಗ ಬಂತು. 215/75 ಆರ್ 15 ಎಂಬ ಅಳತೆಯನ್ನೇ ತೆಗೆದುಕೊಳ್ಳಿ. ಜನ ಕೂರುವ ಬೊಲೆರೊಗೂ ಇದೇ ಅಳತೆ. ಅದಕ್ಕೆ ಮಾಡಿದ ಟೈರ್ ಮೇಲೆ 100 ಎಸ್ ಎಂದಿರಬಹುದು. ಅದೇ ಅಳತೆಯ ಎಲ್‌ಟಿ ಟೈರ್, ಅಂದರೆ ಲೋಡ್ ಗಾಡಿಗೆಂದೇ ಮಾಡಿದ್ದರ ಮೇಲೆ 106/103 ಇರಬಹುದು. ಎರಡೂ ಒಂದೇ ಡಿಸ್ಕ್‌ಗೆ (ರಿಮ್‌ಗೆ) ಕೂರುತ್ತವೆ. ನೋಡಲೂ ಹೆಚ್ಚು ಕಮ್ಮಿ ಒಂದೇ ಥರ. ಆದರೆ ಒಂದು 800 ಕೆಜಿ ಹೊರುತ್ತದೆ, ಇನ್ನೊಂದು 950. ಎರಡು ಚಕ್ರಕ್ಕೆ 300 ಕೆಜಿ ವ್ಯತ್ಯಾಸ. ಅಂದರೆ 20 ಕ್ರೇಟ್! "ಸೈಜ್ ಅದೇ ಅಲ್ವಾ ಸಾರ್, ಸ್ಮೂತಾಗಿ ಹೋಗುತ್ತೆ" ಎಂದು ಕಮ್ಮಿ ಬೆಲೆಗೆ ಜೀಪ್ ಟೈರ್ ಕೊಡುವವರಿದ್ದಾರೆ. ಬೇಡ ಎಂದು ಎದ್ದು ಬನ್ನಿ.

ಪಿಆರ್ ಎಂದು ಬರೆದಿರುವುದು ಪ್ಲೈ ರೇಟಿಂಗ್. 8 ಪಿಆರ್, 12 ಪಿಆರ್ ಹೀಗೆ. ಈಗಿನ ರೇಡಿಯಲ್‌ನಲ್ಲಿ, ಅಂದರೆ ಗ್ರಿಪ್ ಕೆಳಗೆ ಉಕ್ಕಿನ ತಂತಿಯ ಪಟ್ಟಿ ಇರುವ ಟೈರ್‌ನಲ್ಲಿ, ನಿಜವಾಗಿ ಅಷ್ಟು ಪದರ ಇರುವುದಿಲ್ಲ, ಅದು ಬಲದ ದರ್ಜೆ ಅಷ್ಟೆ. ನೋಡಿ, ಆದರೆ ತೀರ್ಮಾನ ಲೋಡ್ ಇಂಡೆಕ್ಸ್ ಮೇಲೆ ಮಾಡಿ.

ಅಳತೆಯನ್ನು ಮಾತ್ರ ಬದಲಿಸಬೇಡಿ. ದೊಡ್ಡ ಟೈರ್ ಹಾಕಿದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋದಾಗ ತಕರಾರು. ಕಂಪನಿ ಹೇಳಿದ ಅಳತೆಯಲ್ಲೇ ಸಿಗುವ ಹೆಚ್ಚಿನ ಇಂಡೆಕ್ಸ್ ಆರಿಸಿ.

ಮೂರು: ಅಂಗಡಿಯಲ್ಲಿ

ರೇಡಿಯಲ್ ತೆಗೆದುಕೊಳ್ಳಿ. ನೈಲಾನ್ ಟೈರ್ ಅಗ್ಗ ನಿಜ, ಆದರೆ ಹೈವೇಯಲ್ಲಿ ಬೇಗ ಬಿಸಿಯಾಗುತ್ತದೆ. ಒಂದು ಆಕ್ಸಲ್‌ನಲ್ಲಿ ಒಂದು ರೇಡಿಯಲ್, ಒಂದು ನೈಲಾನ್ ಎಂದಂತೂ ಸರ್ವಥಾ ಬೇಡ. ಹೈವೇ ಬಾಡಿಗೆ ಹೆಚ್ಚಾದರೆ ಉದ್ದ ಗೆರೆಯ ರಿಬ್ ಟೈರ್ ನಾಲ್ಕಕ್ಕೂ ಸಾಕು. ಚಿಕ್ಕಮಗಳೂರು, ಕೊಡಗಿನ ತೋಟದ ರಸ್ತೆಗೆ ಇಳಿಯುವವರು ಹಿಂದೆ ಆಳದ ಅಡ್ಡ ಗೆರೆಯ ಲಗ್ ಟೈರ್ ಹಾಕಿಸಿ. ಮಳೆಗಾಲದ ಕೆಸರಲ್ಲಿ ಬೇರೆ ಯಾವುದೂ ಹಿಡಿಯುವುದಿಲ್ಲ.

ತಯಾರಾದ ದಿನ ನೋಡಿ. ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2624 ಎಂದರೆ 2024ರ 26ನೇ ವಾರ. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿ ತಿರುಗಿಸಿ. ವರ್ಷ ದಾಟಿದ್ದನ್ನು ನಾನಾದರೆ ಮುಟ್ಟುವುದಿಲ್ಲ. ಐಎಸ್‌ಐ ಗುರುತೂ ಇರಲೇಬೇಕು.

ರೀಸೋಲ್ ಟೈರ್, ಅಂದರೆ ಸವೆದದ್ದಕ್ಕೆ ಹೊಸ ರಬ್ಬರ್ ಅಂಟಿಸಿದ್ದು, ಲಾರಿಗೆ ಸರಿ. ಅಲ್ಲಿ ಕೇಸಿಂಗ್ (ಟೈರಿನ ಒಡಲು) ಗಟ್ಟಿ, ಹಿಂದೆ ಜೋಡಿ ಟೈರ್. ಪಿಕಪ್‌ನ ಒಂಟಿ ಟೈರ್‌ಗೆ ಉಳಿಯುವ ದುಡ್ಡಿಗಿಂತ ಅಪಾಯ ಜಾಸ್ತಿ. ಅದಕ್ಕಿಂತ ಕೆಟ್ಟದ್ದು, ಸವೆದ ಟೈರಿಗೆ ಮತ್ತೆ ಗೆರೆ ಕೊರೆದು, ಕಪ್ಪು ಬಳಿದು ಮಾರುವ ಸೆಕೆಂಡ್ ಹ್ಯಾಂಡ್ ಮಾಲು. ಕಂಡುಹಿಡಿಯುವುದು ಸುಲಭ. ಗೆರೆಯ ತಳದಲ್ಲಿ ಅಲ್ಲಲ್ಲಿ ಒಂದು ಸಣ್ಣ ಉಬ್ಬು ಇರಬೇಕು. ರಬ್ಬರ್ ಆ ಉಬ್ಬಿನ ಮಟ್ಟಕ್ಕೆ ಸವೆದರೆ, ಅಂದರೆ 1.6 ಮಿಲಿಮೀಟರ್ ಉಳಿದರೆ, ಟೈರ್ ಮುಗಿಯಿತು ಎಂಬ ಗುರುತು ಅದು. ಕೊರೆದ ಟೈರ್‌ನಲ್ಲಿ ಆ ಉಬ್ಬೂ ಕೊಚ್ಚಿಹೋಗಿರುತ್ತದೆ.

ಹಳೆ ಟೈರ್ ಬಿಚ್ಚಿದ ಕೂಡಲೇ ಅದರ ಒಳಗೆ ಕೈ ಆಡಿಸಿ. ಅಂಗೈಗೆ ಕಪ್ಪು ರಬ್ಬರ್ ಪುಡಿ ಮೆತ್ತಿಕೊಂಡರೆ, ಒಳಮೈಯಲ್ಲಿ ಸುತ್ತಲೂ ಸುಕ್ಕಿನ ಗೆರೆ ಕಂಡರೆ, ಆ ಟೈರ್ ಭಾರಕ್ಕೆ ಕುಗ್ಗಿಕೊಂಡೇ ಓಡಿದೆ. ಗಾಳಿ ಕಮ್ಮಿ ಇತ್ತು, ಇಲ್ಲವೇ ಲೋಡ್ ಜಾಸ್ತಿ ಇತ್ತು. ಎರಡೂ ಅಂಚು ಸವೆದಿದ್ದರೂ ಅದೇ ಕಾರಣ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ನೋಡಿಸಿ. ಕಾರಣ ಸರಿಮಾಡದೆ ಹೊಸ ಟೈರ್ ಹಾಕಿಸಿದರೆ ದುಡ್ಡು ಸುಮ್ನೆ ಹೋಗುತ್ತದೆ.

ಟ್ಯೂಬ್ ಟೈರ್ ಆದರೆ ಟ್ಯೂಬೂ ಹೊಸದೇ ಬೇಕು, ರೇಡಿಯಲ್‌ಗೆ ಆಗುವಂಥದ್ದು. ಹಿಗ್ಗಿದ ಹಳೆ ಟ್ಯೂಬ್ ಒಳಗೆ ಮಡಚಿಕೊಂಡು, ಮಡಿಕೆಯಲ್ಲೇ ಬಿಸಿಯಾಗಿ ಹರಿಯುತ್ತದೆ. ಟ್ಯೂಬ್‌ಲೆಸ್ ಆದರೆ ವಾಲ್ವ್ ಬದಲಿಸಿ. ಪಂಕ್ಚರ್ ಆಗದಂತೆ ಒಳಗೆ ಸುರಿಯುವ ಜೆಲ್ ಬೇಡವೇ ಬೇಡ. ಮೊಳೆ ಚುಚ್ಚಿಕೊಂಡಿದ್ದರೂ ಗೊತ್ತಾಗುವುದಿಲ್ಲ. ನೈಟ್ರೋಜನ್‌ಗೂ ದುಡ್ಡು ಕೊಡಬೇಕಿಲ್ಲ, ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ಅದೇ ಇದೆ.

ಎರಡೇ ಟೈರ್ ಕೊಳ್ಳುವುದಾದರೆ ಜೋಡಿಯಾಗಿ ಹಿಂದಕ್ಕೆ ಹಾಕಿಸಿ. ಫಿಟ್ಟಿಂಗ್, ಬ್ಯಾಲೆನ್ಸಿಂಗ್ ಅಂಗಡಿಯವರು ಮಾಡುತ್ತಾರೆ.

ನಾಲ್ಕು: ಗಾಳಿ

114 ಇಂಡೆಕ್ಸ್‌ನ ಟೈರ್ 1,180 ಕೆಜಿ ಹೊರುವುದು ಪೂರ್ತಿ ಗಾಳಿ ಇದ್ದಾಗ ಮಾತ್ರ. ಎಷ್ಟು ಎಂಬುದು ಟೈರಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿರುತ್ತದೆ. 450 ಕೆಪಿಎ ಎಂದಿದ್ದರೆ 65 ಪಿಎಸ್‌ಐ. ಲೋಡಿಗೆ ಎಷ್ಟು, ಖಾಲಿಗೆ ಎಷ್ಟು ಎಂದು ಗಾಡಿಯ ಕೈಪಿಡಿಯಲ್ಲಿದೆ, ಅದರಂತೆ ಇಡಿ. ಬೆಳಿಗ್ಗೆ, ಗಾಡಿ ಹೊರಡುವ ಮೊದಲು, ನಿಮ್ಮದೇ ಗೇಜ್ ಹಿಡಿದು ನೋಡಿ.

"ಬೇಸಿಗೆ ಬಂತು, ಗಾಳಿ ಸ್ವಲ್ಪ ಕಮ್ಮಿ ಇಡಿ, ಒಡೆಯುತ್ತೆ" ಎಂಬ ಮಾತು ಎಲ್ಲ ಪಂಕ್ಚರ್ ಅಂಗಡಿಯಲ್ಲೂ ಕೇಳಿಸುತ್ತದೆ. ನಡೆಯುವುದು ಉಲ್ಟಾ. ಗಾಳಿ ಕಮ್ಮಿಯಾದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಜಾಸ್ತಿ ಮಡಚಿ ಬಿಚ್ಚುತ್ತದೆ. ಆ ಮಡಚಾಟದಿಂದಲೇ ಬಿಸಿ ಹುಟ್ಟುತ್ತದೆ. ಬಿಸಿಗೆ ಪದರಗಳು ಬಿಟ್ಟುಕೊಂಡು ಟೈರ್ ಹರಿಯುತ್ತದೆ. ಓಡಿದ ಮೇಲೆ ಒತ್ತಡ ಏರುವುದು ಸಹಜ. ಅದಕ್ಕೂ ಸೇರಿಸಿಯೇ ಟೈರ್ ಮಾಡಿರುತ್ತಾರೆ. ದಾರಿಯಲ್ಲಿ ನಿಲ್ಲಿಸಿ ಬಿಸಿ ಟೈರಿನ ಗಾಳಿ ಬಿಡಬೇಡಿ.

ಮೊದಲ 50–100 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಸ್ಟೆಪ್ನಿಗೂ ಅದೇ ಅಳತೆ, ಅದೇ ಲೋಡ್ ಇಂಡೆಕ್ಸ್ ಇರಲಿ. ಅದರಲ್ಲೂ ಗಾಳಿ ನೋಡಿ. ವೇ ಬ್ರಿಜ್ ಚೀಟಿಯನ್ನು ಆರ್‌ಸಿ ಜೊತೆ ಇಟ್ಟುಕೊಳ್ಳಿ, ಮುಂದಿನ ಸಲ ಟೈರ್ ಕೊಳ್ಳುವಾಗ ಅದನ್ನೇ ಅಂಗಡಿಯವರ ಮುಂದಿಡಿ.