ಸಂಡ್ರೀಸ್ ಸಾಲು ಸೊನ್ನೆಗೆ ಬಂದ ಲೆಕ್ಕ

ಸಿಎಚ್‌ಎ, ಅಂದರೆ ರಫ್ತಿನ ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಏಜೆಂಟ್, ಕಳಿಸುವ ಬಿಲ್ಲಿನಲ್ಲಿ ಕೆಳಗಿನಿಂದ ಎರಡನೇ ಸಾಲು ನೋಡಿ. ಏಜೆನ್ಸಿ ಚಾರ್ಜ್ 2,500, ಡಾಕ್ಯುಮೆಂಟೇಷನ್ 1,200, ಟರ್ಮಿನಲ್ ಹ್ಯಾಂಡ್ಲಿಂಗಿಗೆ ಶಿಪ್ಪಿಂಗ್ ಲೈನಿನ ರಸೀದಿ, ಆಮೇಲೆ 'ಸಂಡ್ರೀಸ್ 4,850', ಅಂದರೆ ಚಿಲ್ಲರೆ ಖರ್ಚು. ಇದಕ್ಕೆ ರಸೀದಿಯೂ ಇಲ್ಲ, ಜಿಎಸ್‌ಟಿಯೂ ಇಲ್ಲ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆಯಿಂದ ಕಂಟೇನರ್ ಕಳಿಸುವವರಿಗೆಲ್ಲ ಇದು ಲಂಚದ ಮಾಮೂಲಿ ಅಂತ ಗೊತ್ತು, ಬಾಯಿ ಬಿಡುವವರು ಯಾರೂ ಇಲ್ಲ. ನಮ್ಮ ವಾಲ್ವ್ ಬಿಡಿಭಾಗದ ಕಾರ್ಖಾನೆಯಿಂದ ವರ್ಷಕ್ಕೆ ಅರವತ್ತರ ಆಸುಪಾಸು ಕಂಟೇನರ್ ಬಂದರಿಗೆ ಹೋಗುತ್ತವೆ. ಈ ಒಂದು ಸಾಲಿಗೇ ಮೂರು ಲಕ್ಷದ ಹತ್ತಿರ. ಈಗ ಹದಿನೆಂಟು ತಿಂಗಳಿಂದ ಅದು ಸೊನ್ನೆ. 'ಆಗೋ ಮಾತಲ್ಲ ಸಾರ್, ಮಾಲು ಬಂದರಲ್ಲೇ ಕೊಳೆಯುತ್ತೆ' ಅಂದವರೇ ಈಗ ಫಾರ್ಮ್ಯಾಟ್ ಕಳಿಸಿ ಅಂತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಕಾನೂನನ್ನು ಎರಡು ಮಾತಲ್ಲಿ ಮುಗಿಸುತ್ತೇನೆ. ಹೊರದೇಶದ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ತಡೆಯುವ ಅಮೆರಿಕದ 1977ರ ಎಫ್‌ಸಿಪಿಎ, ಬ್ರಿಟನ್ನಿನ 2010ರ ಬ್ರೈಬರಿ ಆಕ್ಟ್ ಎರಡೂ ಗಿರಾಕಿಯ ಪರ್ಚೇಸ್ ಆರ್ಡರಿನ ಷರತ್ತಾಗಿ ನಮ್ಮ ಗೇಟು ದಾಟಿ ಒಳಗೆ ಬರುತ್ತವೆ. ಸ್ಪೀಡ್ ಮನಿಗೆ, ಅಂದರೆ ಹೇಗೂ ಆಗಬೇಕಾದ ಕೆಲಸ ಬೇಗ ಆಗಲಿ ಅಂತ ಕೊಡುವುದಕ್ಕೆ, ಅಮೆರಿಕದ ಕಾನೂನಿನಲ್ಲಿ ಒಂದು ಕಿರುಗಂಡಿ ಇದೆ. ಬ್ರಿಟನ್ನಿನದರಲ್ಲಿ ಇಲ್ಲ, ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲೂ ಇಲ್ಲ. 2018ರ ತಿದ್ದುಪಡಿಯಾದ ಮೇಲೆ ಕೊಟ್ಟವನಿಗೂ ಏಳು ವರ್ಷದವರೆಗೆ ಶಿಕ್ಷೆ. 2025ರ ಫೆಬ್ರವರಿಯಲ್ಲಿ ಅಮೆರಿಕ ಎಫ್‌ಸಿಪಿಎ ಜಾರಿಗೆ ತಾತ್ಕಾಲಿಕ ತಡೆ ಹಾಕಿದಾಗ 'ಅವರೇ ಬಿಟ್ಟರಲ್ಲ' ಅಂತ ಕುಣಿದವರಿದ್ದರು. ಜೂನ್‌ನಲ್ಲಿ ಹೊಸ ಮಾರ್ಗಸೂಚಿ ಬಂತು. ನಮ್ಮ ಕಾಯ್ದೆಗಂತೂ ಯಾರೂ ತಡೆ ಹಾಕಿರಲಿಲ್ಲ.

ಮೊದಲ ಸೋಲು ಪಾಲಿಸಿಯದು. ಇಂಗ್ಲಿಷಿನಲ್ಲಿ ನಲವತ್ತು ಪುಟ, ವಕೀಲರ ಫೀ ಮೂವತ್ತೈದು ಸಾವಿರ. ಎಲ್ಲರೂ ಸಹಿ ಹಾಕಿದರು, ಸಂಡ್ರೀಸ್ ಒಂದು ಪೈಸೆ ಇಳಿಯಲಿಲ್ಲ. ಈಗ ಇರುವುದು ಕನ್ನಡದಲ್ಲಿ ಒಂದೇ ಪುಟ, ಡಿಸ್‌ಪ್ಯಾಚ್ ಗುಮಾಸ್ತರ ಮೇಜಿನ ಗಾಜಿನ ಕೆಳಗೆ. ನಲವತ್ತು ಪುಟದ್ದು ಗಿರಾಕಿಯ ಆಡಿಟರಿಗೆ ತೋರಿಸಲಿಕ್ಕೆ ಬೇಕೇ ಬೇಕು, ಎಸೆಯಬೇಡಿ.

ಎರಡನೇ ಸೋಲೇ ಹೆಚ್ಚು ಕಲಿಸಿದ್ದು. 'ರಸೀದಿ ಇಲ್ಲದ ಯಾವ ಖರ್ಚೂ ಪಾಸಾಗುವುದಿಲ್ಲ' ಅಂತ ಸಿಎಚ್‌ಎಗೆ ಪತ್ರ ಹೋಯಿತು. ಮುಂದಿನ ತಿಂಗಳಿಂದ ಸಂಡ್ರೀಸ್ ಮಾಯ. ಒಂದು ತ್ರೈಮಾಸಿಕ ಬೆನ್ನು ತಟ್ಟಿಕೊಂಡದ್ದೇ ಆಯಿತು. ಆಮೇಲೆ ಕಂಟೇನರಿಗೆ ತಗಲುವ ಒಟ್ಟು ಖರ್ಚು ಲೆಕ್ಕ ಹಾಕಿದರೆ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಡಾಕ್ಯುಮೆಂಟೇಷನ್ 1,200 ಇದ್ದದ್ದು 6,000 ದಾಟಿದೆ, ಮೇಲೆ ಶೇ. 18 ಜಿಎಸ್‌ಟಿ. ಮಾಮೂಲಿ ಎಲ್ಲೂ ಹೋಗಿರಲಿಲ್ಲ, ಇನ್‌ವಾಯ್ಸ್ ಹಾಕಿಕೊಂಡು ಬಂದಿತ್ತು ಅಷ್ಟೇ. ಹಿಂದೆ ಕಣ್ಣಿಗೆ ಕಾಣುತ್ತಿದ್ದದ್ದನ್ನು ನಾವೇ ಕೈಯಾರೆ ಮುಚ್ಚಿದ್ದೆವು. ದೊಡ್ಡ ಮಟ್ಟದಲ್ಲೂ ಇದೇ ಆಟ. 2019ರಲ್ಲಿ ಕಾಗ್ನಿಜೆಂಟ್ ಕಂಪನಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಎರಡೂವರೆ ಕೋಟಿ ಡಾಲರ್ ಕಟ್ಟಲು ಒಪ್ಪಿದ ಪ್ರಕರಣ ನೋಡಿ. ಚೆನ್ನೈ ಕ್ಯಾಂಪಸ್ಸಿನ ಪರವಾನಗಿಗಾಗಿ ಕಟ್ಟಡ ಗುತ್ತಿಗೆದಾರನ ಮೂಲಕ ಹಣ ಹೋಗಿ, ಹೆಚ್ಚುವರಿ ಕೆಲಸದ ಬಿಲ್ಲಿನಲ್ಲಿ ಅದು ವಾಪಸ್ ತುಂಬಿಬಂತು ಎಂಬುದು ಎಸ್‌ಇಸಿ ಆರೋಪ. ಕಂಪನಿ ಅದನ್ನು ಒಪ್ಪಲೂ ಇಲ್ಲ, ನಿರಾಕರಿಸಲೂ ಇಲ್ಲ. ಹಾಗಾಗಿ ಬರೀ ನಗದು ಓಚರ್ ನೋಡಿದರೆ ಸಾಲದು, ನೀಟಾದ ಬಿಲ್ಲುಗಳ ದರವನ್ನೂ ನೋಡಬೇಕು.

ಮೂರನೇ ಸಲ ಬಿಲ್ಲಿನ ಮೊತ್ತ ಬಿಟ್ಟು ತಾರೀಖು ನೋಡಿದೆವು. ಟ್ಯಾಲಿಯಿಂದ ಮೂರು ವರ್ಷದ ಲೆಡ್ಜರ್ ಎಳೆದು ಸಂಡ್ರೀಸ್, ಮಿಸಲೇನಿಯಸ್, ಅಟೆಂಡೆನ್ಸ್, ಲಿಯಾಸನಿಂಗ್, ಪೂಜಾ ಖರ್ಚು, ಸ್ಟಾಫ್ ವೆಲ್ಫೇರ್ ಎಂಬ ಹೆಸರಿನ ನಮೂದುಗಳನ್ನೆಲ್ಲ ಒಂದು ಶೀಟಿಗೆ ಹಾಕಿದೆವು. ಒಂದೇ ದಿನ 9,500, 9,800ರ ನಗದು ಓಚರ್ ಎರಡೆರಡು ಇದ್ದರೆ ಅದಕ್ಕೆ ಬೇರೆ ಬಣ್ಣ. ನಗದು ಹತ್ತು ಸಾವಿರ ದಾಟಿದರೆ ಆದಾಯ ತೆರಿಗೆಯಲ್ಲಿ ಖರ್ಚು ಹೊಡೆದುಹಾಕುತ್ತಾರೆ ಅಂತ ಒಡೆದು ಬರೆದದ್ದು ಅಲ್ಲೇ ಸಿಗುತ್ತದೆ. ಪಕ್ಕದಲ್ಲಿ ಎರಡು ಕಾಲಂ: ಸರಕು ಕಾರ್ಖಾನೆ ಬಿಟ್ಟ ದಿನ, ಹಡಗಿನ ಕಟಾಫ್ ದಿನ, ಅಂದರೆ ಆ ಹಡಗಿಗೆ ಸರಕು ಒಪ್ಪಿಸಬೇಕಾದ ಕೊನೆಯ ದಿನ. ನೂರಕ್ಕೆ ಎಂಬತ್ತು ಸಂಡ್ರೀಸ್ ಕಟಾಫಿಗೆ ಮೂರು ದಿನ ಇದ್ದಾಗಿನವು. ಹತ್ತು ದಿನ ಮುಂಚೆ ಹೋದ ಕಂಟೇನರಿಗೆ ಅದೇ ಬಂದರು, ಅದೇ ಸಿಎಚ್‌ಎ, ಸಂಡ್ರೀಸ್ 300 ರೂಪಾಯಿ, ಅದೂ ಜೆರಾಕ್ಸಿಗೆ. ಇಷ್ಟು ವರ್ಷ ನಾವು ಕೊಡುತ್ತಿದ್ದದ್ದು ನಮ್ಮ ತಡಕ್ಕೆ ದಂಡ.

ಇಲ್ಲಿ ಮಾಲೀಕರನ್ನು ಒಪ್ಪಿಸಿದ್ದು ನೀತಿಪಾಠವಲ್ಲ, ಬಡ್ಡಿ ಲೆಕ್ಕ. ಒಂದು ಕಂಟೇನರಿನ ಸರಕು ಸುಮಾರು 35 ಲಕ್ಷ. ಪ್ಯಾಕಿಂಗ್ ಕ್ರೆಡಿಟ್, ಅಂದರೆ ರಫ್ತಿಗೆ ಮುಂಚೆ ಬ್ಯಾಂಕ್ ಕೊಡುವ ಸಾಲ, ಅದರ ಬಡ್ಡಿ ಶೇ. 10 ಅಂತಿಟ್ಟುಕೊಳ್ಳಿ, ದಿನಕ್ಕೆ 959 ರೂಪಾಯಿ. ನಾಲ್ಕು ದಿನ ಮುಂಚೆ ಕಳಿಸಿದರೆ 3,836. ಸಂಡ್ರೀಸ್ 4,850. ಜೊತೆಗೆ, ಆದಾಯ ತೆರಿಗೆಯಲ್ಲಿ (1961ರ ಕಾಯ್ದೆಯಲ್ಲಿ ಸೆಕ್ಷನ್ 37 ಇದ್ದದ್ದು) ಅಪರಾಧಕ್ಕೆ ಮಾಡಿದ ಖರ್ಚು ಖರ್ಚೇ ಅಲ್ಲ. ಅದು ಹೊರದೇಶದ ಕಾನೂನಿನ ಅಪರಾಧಕ್ಕೂ ಅನ್ವಯ ಅಂತ 2022ರಲ್ಲಿ ಇನ್ನಷ್ಟು ಸ್ಪಷ್ಟ ಮಾಡಿದರು. ತೆರಿಗೆ ಸೇರಿಸಿದರೆ 4,850ರ ನಿಜವಾದ ಬೆಲೆ ಆರು ಸಾವಿರ ದಾಟುತ್ತದೆ. ಬಡ್ಡಿಯಾದರೆ ರಾಜಾರೋಷವಾಗಿ ಖರ್ಚು ಬರೆಯಬಹುದು. ಸರಕಿನ ಬೆಲೆ ಕೋಟಿ ದಾಟುವವರಿಗೆ ಈ ಲೆಕ್ಕ ಉಲ್ಟಾ ಹೊಡೆಯುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ನಾಲ್ಕು ದಿನ ಹುಟ್ಟಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಪ್ಲಾನಿಂಗಿನಲ್ಲಿ ಡಿಸ್‌ಪ್ಯಾಚ್ ತಾರೀಖನ್ನೇ ನಾಲ್ಕು ದಿನ ಮುಂಚೆ ಹಾಕಿದರೆ ಪ್ರೊಡಕ್ಷನ್ನಿನವರು ಎರಡೇ ತಿಂಗಳಲ್ಲಿ ಗುಟ್ಟು ಹಿಡಿದು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ಅದಕ್ಕೆ ನಾವು ಮಾಡಿದ ಉಪಾಯ ಇಲ್ಲಿ ಬರೆಯುವುದಿಲ್ಲ, ಬರೆದರೆ ನಮ್ಮ ಪ್ರೊಡಕ್ಷನ್ನಿನವರೂ ಓದುತ್ತಾರೆ. ಉಳಿದದ್ದು ಕಾಗದಪತ್ರ. ಪ್ಯಾಕಿಂಗ್ ಲಿಸ್ಟಿನ ತೂಕಕ್ಕೂ ವಿಜಿಎಂ (ತುಂಬಿದ ಕಂಟೇನರಿನ ದೃಢೀಕೃತ ಒಟ್ಟು ತೂಕ) ಚೀಟಿಗೂ ತಾಳೆ ಇಲ್ಲದಿರುವುದು, ಅದೇ ಮಾಲಿಗೆ ಹಿಂದಿನ ಶಿಪ್ಪಿಂಗ್ ಬಿಲ್ಲಿನಲ್ಲಿ ಒಂದು ಎಚ್‌ಎಸ್ ಕೋಡ್ (ಸರಕಿನ ವರ್ಗದ ಸಂಖ್ಯೆ), ಈ ಸಲ ಇನ್ನೊಂದು, ರಫ್ತಿನ ಹಣ ಬರುವ ಬ್ಯಾಂಕನ್ನು ಗುರುತಿಸುವ ಎಡಿ ಕೋಡ್ ಆ ಬಂದರಿಗೆ ನೋಂದಣಿ ಆಗಿಲ್ಲದಿರುವುದು, ಮಾರ್ಚ್ 31ಕ್ಕೆ ಎಲ್‌ಯುಟಿ (ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಮುಗಿದು ಏಪ್ರಿಲ್ ಮೊದಲ ವಾರದ ಕಂಟೇನರ್ ಸಿಕ್ಕಿಹಾಕಿಕೊಳ್ಳುವುದು. ಕೈ ಚಾಚುವವನಿಗೆ ಇಂಥ ತಪ್ಪೇ ಹಿಡಿಕೆ. ತಪ್ಪು ನಮ್ಮದಾಗಿರುವಾಗ 'ಕೊಡಲ್ಲ' ಅನ್ನುವ ದನಿ ಗಂಟಲಿಂದ ಮೇಲೆ ಬರುವುದಿಲ್ಲ. ಹನ್ನೆರಡು ಸಾಲಿನ ಚೆಕ್‌ಲಿಸ್ಟ್ ಮಾಡಿ, ಇಬ್ಬರ ಸಹಿ ಇಲ್ಲದೆ ಲಾರಿ ಗೇಟು ದಾಟದ ಹಾಗೆ ಮಾಡಿದೆವು. ಕಾರ್ಖಾನೆಯಲ್ಲೇ ತುಂಬಿಸಿ ಆರ್‌ಎಫ್‌ಐಡಿ ಇ-ಸೀಲ್ ಹಾಕುವ ಸೌಲಭ್ಯವನ್ನು ತಪ್ಪದೆ ಬಳಸಿ, ಸೀಲಿಗೆ ಕೆಲವು ನೂರು ರೂಪಾಯಿ ಅಷ್ಟೇ. ಅಧಿಕಾರಿ ಬಂದು ಮುದ್ರೆ ಒತ್ತುವವರೆಗೆ ಕಾಯುವ ಪ್ರಸಂಗವೇ ಇಲ್ಲ. ನಂಬಿಕಸ್ಥ ವ್ಯಾಪಾರಿ ಅಂತ ಕಸ್ಟಮ್ಸ್ ಕೊಡುವ ಎಇಒ ಪ್ರಮಾಣಪತ್ರ ಸಿಕ್ಕಿದರೆ ತಪಾಸಣೆ ಇನ್ನೂ ಕಡಿಮೆ. ಅರ್ಜಿಗೆ ಕೂತು ಕೆಲಸ ಮಾಡಬೇಕು, ಕನ್ಸಲ್ಟೆಂಟಿಗೆ ಲಕ್ಷ ಸುರಿಯಬೇಕಿಲ್ಲ.

ಸಿಎಚ್‌ಎ ಜೊತೆ ಹೊಸ ಕರಾರು ಹೀಗೆ: ಏಜೆನ್ಸಿ ಮತ್ತು ಡಾಕ್ಯುಮೆಂಟೇಷನ್ ಸೇರಿ ಕಂಟೇನರಿಗೆ 4,500, ವರ್ಷವಿಡೀ ಬದಲಾಗುವುದಿಲ್ಲ. ಮಿಕ್ಕದ್ದೆಲ್ಲ ನಮ್ಮ ಹೆಸರಿನ ರಸೀದಿ ಇದ್ದರೆ ಮಾತ್ರ. ಹೊಸ ಸಾಲು ಸೇರಿಸಬೇಕಾದರೆ ಮೊದಲೇ ಮೇಲ್. ಬೇಗ ಆಯಿತು ಅಂತ ಬೋನಸ್ ಇಲ್ಲ, ತಡವಾಯಿತು ಅಂತ ದಂಡವೂ ಇಲ್ಲ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ದಂಡ ಇಟ್ಟರೆ ಏಜೆಂಟ್ ತನ್ನ ಕೈಯಿಂದಲೇ ಕೊಟ್ಟು ಬರುತ್ತಾನೆ, ಹೊಣೆ ನಮ್ಮ ತಲೆಗೆ. ಹಳೆಯ ಸಿಎಚ್‌ಎ ಒಪ್ಪಲಿಲ್ಲ, ಎರಡನೆಯವರು ಮೂರು ತಿಂಗಳು ನೋಡಿ ಬಿಟ್ಟರು, ಮೂರನೆಯವರು ಇದ್ದಾರೆ. ಮೊದಲ ಆರು ತಿಂಗಳಲ್ಲಿ ಎರಡು ಕಂಟೇನರ್ ಹಡಗು ತಪ್ಪಿದವು. ಕಂಟೇನರ್ ತಡೆದಿಟ್ಟುಕೊಂಡದ್ದಕ್ಕೆ ಡಿಟೆನ್ಷನ್, ಜಾಗದ ಬಾಡಿಗೆ ಗ್ರೌಂಡ್ ರೆಂಟ್ ಎಲ್ಲ ಸೇರಿ ಒಂದು ಲಕ್ಷ ತೊಂಬತ್ತು ಸಾವಿರದ ಹತ್ತಿರ ಹೋಯಿತು. ಆ ಹಣವನ್ನು ಮೊದಲೇ ಎತ್ತಿಟ್ಟಿರದಿದ್ದರೆ ಇಡೀ ಪ್ರಯತ್ನ ಅಲ್ಲೇ ನಿಲ್ಲುತ್ತಿತ್ತು.

ಹೊರದೇಶದ ಏಜೆಂಟರದು ಬೇರೆ ಕಥೆ, ಮೊತ್ತವೂ ದೊಡ್ಡದು. ಏಳು ಜನ ಇದ್ದರು. ನಮ್ಮ ಸರಕಿಗೆ ಸಾಮಾನ್ಯ ಕಮಿಷನ್ ಶೇ. 4–5. ಒಬ್ಬರು ಶೇ. 12 ಕೇಳುತ್ತಿದ್ದರು, ಹಣ ಮೂರನೇ ದೇಶದ ಖಾತೆಗೆ. ಇನ್ನೊಬ್ಬರನ್ನು ಶಿಫಾರಸು ಮಾಡಿದ್ದೇ ಗಿರಾಕಿಯ ಖರೀದಿ ಅಧಿಕಾರಿ. ಇಷ್ಟು ಸಾಕು, ಮುಂದೆ ಹುಡುಕಬೇಕಿಲ್ಲ. 'ಹೊರದೇಶಕ್ಕೆ ಹಣ ಕಳಿಸಲು ಬೇಕಾದ ತೆರಿಗೆ ಪ್ರಮಾಣಪತ್ರ ಸಿಕ್ಕಿದೆಯಲ್ಲ, ಸಿಎ ಸಹಿ ಹಾಕಿದ್ದಾರಲ್ಲ' ಅನ್ನುವ ಸಮಾಧಾನ ಬೇಡ. ಅದು ತೆರಿಗೆಯ ಕಾಗದ, ಹಣ ಯಾಕೆ ಹೋಗುತ್ತಿದೆ ಅಂತ ಅದು ಕೇಳುವುದಿಲ್ಲ. ಈಗಿನ ಕ್ರಮ: ಆ ದೇಶದ ಕಂಪನಿ ನೋಂದಣಿಯ ಪ್ರತಿ, ನಿಜವಾದ ಮಾಲೀಕರ ಹೆಸರು, ಬ್ಯಾಂಕಿನ ಪತ್ರ, ಅವರು ಕೊಟ್ಟ ಇಬ್ಬರಿಗೆ ಮತ್ತು ಅವರು ಕೊಡದ ಒಬ್ಬರಿಗೆ ಫೋನು. ವಿಚಾರಣಾ ವರದಿ ಹೊರಗಿನವರಿಂದ ತರಿಸಿದರೆ ಒಬ್ಬರಿಗೆ ಇಪ್ಪತ್ತು ಸಾವಿರದ ಸುತ್ತಮುತ್ತ. ಸರ್ಕಾರಿ ಗಿರಾಕಿ ಇರುವ ಕಡೆ ಮಾತ್ರ ತರಿಸಿ, ಮಿಕ್ಕ ಕಡೆ ದುಡ್ಡು ದಂಡ. ಕಮಿಷನ್ ಏಜೆಂಟ್ ಕೆಲಸ ಮಾಡುವ ದೇಶದ ಖಾತೆಗೇ ಹೋಗಬೇಕು, ಗಿರಾಕಿಯ ಹಣ ಬಂದು, ಅದಕ್ಕೆ ಇ-ಬಿಆರ್‌ಸಿ ಎಂಬ ಪ್ರಮಾಣಪತ್ರ ಆದ ಮೇಲೆ. ಶಿಪ್ಪಿಂಗ್ ಬಿಲ್ಲಿನ ಕಮಿಷನ್ ಕಾಲಮ್ಮಿಗೂ ಲೆಡ್ಜರಿಗೂ ತಾಳೆ ಆಗಬೇಕು. ನಮ್ಮಲ್ಲಿ ಒಂಬತ್ತು ಕಡೆ ಆಗಿರಲಿಲ್ಲ. ಮೂವರನ್ನು ಬಿಟ್ಟೆವು, ಆ ವರ್ಷ ನಲವತ್ತು ಲಕ್ಷದ ಆರ್ಡರ್ ಕೈತಪ್ಪಿತು. ಅರ್ಧದಷ್ಟು ನೇರ ಆರ್ಡರಾಗಿ ವಾಪಸ್ ಬಂತು, ಮಿಕ್ಕದ್ದು ಹೋದದ್ದೇ.

ಆತಿಥ್ಯದ ವಿಷಯದಲ್ಲಿ ಮೈಸೂರಿನವರಿಗೆ ಒಂದು ವಿಶೇಷ ಕಷ್ಟ ಇದೆ. ಕೊಲ್ಲಿ ದೇಶದ ಸರ್ಕಾರಿ ತೈಲ ಕಂಪನಿಯ ಇನ್‌ಸ್ಪೆಕ್ಟರ್ ಪಿಡಿಐಗೆ, ಅಂದರೆ ಸರಕು ಕಳಿಸುವ ಮುಂಚಿನ ತಪಾಸಣೆಗೆ, ಬಂದರೆ ಎಫ್‌ಸಿಪಿಎ ಕಣ್ಣಿಗೆ ಅವರು ವಿದೇಶಿ ಸರ್ಕಾರಿ ಅಧಿಕಾರಿ. ತಪಾಸಣೆಗೆ ಬೇಕಾದ ವಿಮಾನ, ರೂಮು, ಊಟ ಕೊಡಬಹುದು. ಟಿಕೆಟ್ ಹಣ ಏರ್‌ಲೈನಿಗೆ, ರೂಮಿನ ಹಣ ಹೋಟೆಲಿಗೆ ನೇರವಾಗಿ. ಕೈಗೆ ದಿನಭತ್ಯೆ ಇಲ್ಲ, ಹೆಂಡತಿ ಮಕ್ಕಳ ಟಿಕೆಟ್ ಇಲ್ಲ. ಯಾರು ಬರಬೇಕು ಅಂತ ಅವರ ಕಂಪನಿ ಬರೆದು ಕಳಿಸಲಿ, ನಾವು ಹೆಸರು ಸೂಚಿಸಬಾರದು. ಭಾನುವಾರ ಸಂಜೆ ಅರಮನೆಯ ದೀಪ, ಚಾಮುಂಡಿ ಬೆಟ್ಟ ನಡೆಯುತ್ತದೆ. ಊಟಿ, ಕಬಿನಿ ರೆಸಾರ್ಟ್ ಆಗುವುದಿಲ್ಲ. ಪಿಡಿಐ ದಸರಾ ವಾರಕ್ಕೇ ಬಂದರೆ ಜಂಬೂಸವಾರಿ ಪಾಸ್ ಕೇಳುತ್ತಾರೆ. ಈಗ ಆ ವಾರ ಪಿಡಿಐ ಹಾಕುವುದೇ ಇಲ್ಲ, ಜಗಳ ಮುಗಿಯಿತು.

ಸಣ್ಣಪುಟ್ಟ ಪ್ರಯೋಗಗಳೂ ಆದವು. ದೂರಿನ ಪೆಟ್ಟಿಗೆಯನ್ನು ಕ್ಯಾಂಟೀನಿನ ಪಕ್ಕ ಇಟ್ಟರೆ ಬಂದ ಹದಿನಾಲ್ಕು ಚೀಟಿಯಲ್ಲಿ ಹನ್ನೊಂದು ಸಾಂಬಾರಿನ ಮೇಲೆ. ಟಾಯ್ಲೆಟ್ ಓಣಿಗೆ ಸ್ಥಳ ಬದಲಿಸಿದ ಮೇಲೆ ಕೆಲಸದ ಚೀಟಿ ಎರಡು ಬಂದವು, ಅದರಲ್ಲೊಂದು ಸ್ಕ್ರ್ಯಾಪ್ ಮಾರಾಟದ್ದು, ನಿಜವೂ ಆಗಿತ್ತು. ಆಯುಧಪೂಜೆಯ ಮೈಸೂರುಪಾಕ್ ಡಬ್ಬಿಗಳನ್ನು ಯಾರ ಹೆಸರೂ ಬರೆಯದೆ ಕಚೇರಿ ವಿಳಾಸಕ್ಕೆ ಕಳಿಸಿ ನೋಡಿದೆವು. ಮಾರನೇ ವರ್ಷ ಅದನ್ನೂ ನಿಲ್ಲಿಸಿದೆವು, ಯಾವ ಫೈಲೂ ಅದರಿಂದ ನಿಧಾನವಾಗಲಿಲ್ಲ. ಸ್ಥಳೀಯ ಪರವಾನಗಿಗಳಲ್ಲಿ ಸರ್ಕಾರಿ ಸೇವೆಗೆ ಗಡುವು ಹಾಕುವ 2011ರ ಸಕಾಲ ಕಾಯ್ದೆಯ ಪಟ್ಟಿಯಲ್ಲಿ ಇರುವಂಥವಕ್ಕೆ ಅರ್ಜಿಯ ಜಿಎಸ್‌ಸಿ ಸಂಖ್ಯೆ ಹಾಕಿಸಿಕೊಂಡು ಗಡುವಿನ ಮಾರನೇ ದಿನವೇ ಮೇಲ್ಮನವಿ. ದಿನಕ್ಕೆ 20 ರೂಪಾಯಿ ಪರಿಹಾರ ಯಾರಿಗೆ ಬೇಕು. ಮೇಲ್ಮನವಿ ಬಂತು ಅನ್ನುವುದೇ ಅಲ್ಲಿ ಕೆಲಸ ಮಾಡುವುದು.

ಬಲವಂತಕ್ಕೆ ಕೊಡಬೇಕಾಗಿ ಬಂದರೆ? ಭ್ರಷ್ಟಾಚಾರ ತಡೆ ಕಾಯ್ದೆಯ ಸೆಕ್ಷನ್ 8ರಲ್ಲಿ ಏಳು ದಿನದ ಅವಕಾಶ ಇದೆ, ಅಷ್ಟರೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಕೊಟ್ಟವನ ಮೇಲೆ ಅಪರಾಧ ಬರುವುದಿಲ್ಲ. ಎಂಟನೇ ದಿನ ಬರುತ್ತದೆ. ನಿರ್ದೇಶಕರ ಒಪ್ಪಿಗೆ ಇತ್ತು ಅಂತ ಸಾಬೀತಾದರೆ ಸೆಕ್ಷನ್ 10, ಮೂರರಿಂದ ಏಳು ವರ್ಷ. ಹಾಗಾಗಿ ಒಂದು ಬೈಂಡ್ ಮಾಡಿದ ರಿಜಿಸ್ಟರ್, ಪುಟಸಂಖ್ಯೆ ಸಮೇತ: ಯಾವ ಫೈಲು, ಎಷ್ಟು ಗಂಟೆಗೆ, ಕೇಳಿದ ಮಾತು ಇದ್ದ ಹಾಗೇ, ಪಕ್ಕದಲ್ಲಿ ಯಾರಿದ್ದರು. ಮೊದಲ ದಿನವೇ ಮಾಲೀಕರ ಸಹಿ. ಕೇಳಿದ ನಮೂದು ಈವರೆಗೆ ಹತ್ತೊಂಬತ್ತು, ಕೊಟ್ಟದ್ದು ಒಂದೂ ಇಲ್ಲ. ಕೌಂಟರಿನಲ್ಲಿ ನಮ್ಮ ಹುಡುಗರು ಹೇಳುವ ಒಂದು ವಾಕ್ಯ ಇದೆ, ಅದನ್ನು ಇಲ್ಲಿ ಹಾಕಿದರೆ ಅದರ ಹರಿತ ಹೋಗುತ್ತದೆ. ಹೊರದೇಶಕ್ಕೆ ಹೋದ ಟೆಕ್ನಿಷಿಯನ್ನಿಗೆ ಮಾತ್ರ ಬೇರೆ ನಿಯಮ. ಯಾರಾದರೂ ಬಂದೂಕು ತೋರಿಸಿ ಕೇಳಿದರೆ ಕೊಟ್ಟು ಬಾ, ಇಪ್ಪತ್ತನಾಲ್ಕು ಗಂಟೆಯೊಳಗೆ ಬರೆದು ಕಳಿಸು. ಲೆಡ್ಜರಿನಲ್ಲಿ ಅದು 'ಟ್ಯಾಕ್ಸಿ' ಆಗಬಾರದು, ಏನೋ ಅದೇ ಹೆಸರು.

ಒಟ್ಟು ಖರ್ಚು ಮೊದಲ ವರ್ಷ ಐದು ಲಕ್ಷದ ಆಸುಪಾಸು, ಎರಡನೇ ವರ್ಷ ಒಂದೂವರೆಯ ಒಳಗೆ. ಬ್ರಿಟನ್ನಿನ ಗಿರಾಕಿಯ ಆಡಿಟರ್ ಎರಡು ದಿನ ಕೂತು ಓಚರ್ ಕೆದಕಿದರು. ಸಂಡ್ರೀಸ್ ಲೆಡ್ಜರ್ ತೆಗೆಸಿ, ಖಾಲಿ ಇರುವುದು ನೋಡಿ, ಬೇರೆ ಹೆಸರಿನಲ್ಲಿ ಎಲ್ಲಿದೆ ಅಂತ ಒಂದು ಪೂರ್ತಿ ದಿನ ಹುಡುಕಿದರು. ಸಿಗಲಿಲ್ಲ.

ಇನ್ನೂ ಕೈಗೆ ಸಿಗದೆ ಉಳಿದಿರುವುದು ಲಾರಿಯ 'ದಾರಿ ಖರ್ಚು'. ಟ್ರಾನ್ಸ್‌ಪೋರ್ಟಿನವರು ಟ್ರಿಪ್ಪಿಗೆ ಇಷ್ಟು ಅಂತ ಒಟ್ಟು ದರ ಹೇಳುತ್ತಾರೆ, ಡ್ರೈವರ್ ಕೈಗೆ ಕೊಡುವ ಅಡ್ವಾನ್ಸಿನಲ್ಲಿ ಏನಿದೆ ಅಂತ ಬಿಡಿಸಿ ಹೇಳುವುದಿಲ್ಲ. ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟು, ಡೀಸೆಲ್ ಬಿಲ್ಲು ಕಳೆದರೆ ಟ್ರಿಪ್ಪಿಗೆ 700–800 ಉಳಿಯುತ್ತಿದೆ. ಓವರ್‌ಲೋಡ್ ಇಲ್ಲದ, ಕಾಗದ ಪಕ್ಕಾ ಇರುವ ಹತ್ತು ಟ್ರಿಪ್ಪನ್ನು ಹಗಲು ಹೊತ್ತಲ್ಲೇ ಓಡಿಸಿ ಆ ಅಂತರ ಕುಗ್ಗುತ್ತದಾ ಅಂತ ನೋಡುತ್ತಿದ್ದೇವೆ. ನಾಲ್ಕು ಆಗಿವೆ.